ಪರದೆಗೆಷ್ಟು, ಬಾಯಿಗೆಷ್ಟು?

ಕೋಲಾರದ ಡಿಗ್ರಿ ಕಾಲೇಜಿನ ಹುಡುಗಿಯೊಬ್ಬಳು ಸ್ಪ್ಯಾನಿಷ್ ಕಲಿಯಬೇಕೆಂದು ಹೊರಟರೆ ಅವಳ ಮುಂದೆ ಸಾಮಾನ್ಯವಾಗಿ ಎರಡೇ ದಾರಿ: ಬೆಂಗಳೂರಿನ ಬಸ್ಸು ಹತ್ತುವುದು, ಇಲ್ಲವೇ ಫೋನು ತೆರೆಯುವುದು. ಮಾಲೂರಿನವಳಾದರೆ ರೈಲಿದೆ. ಮುಳಬಾಗಿಲಿನವಳಿಗೆ ಹೆದ್ದಾರಿಯ ಬಸ್ಸೇ ಗತಿ, ಹೋಗುವುದೊಂದೇ ನೂರು ಕಿಲೋಮೀಟರಿನ ಆಸುಪಾಸು. ಶ್ರೀನಿವಾಸಪುರದವಳು ಕೋಲಾರವನ್ನೋ ಚಿಂತಾಮಣಿಯನ್ನೋ ಬಳಸಿಕೊಂಡು ಹೋಗಬೇಕು. ವಾರಕ್ಕೊಮ್ಮೆ ಮೇಷ್ಟರ ಎದುರು ತರಗತಿ, ಉಳಿದ ದಿನ ಪರದೆಯ ಮೇಲೆ ಪಾಠ ಎನ್ನುವ ಮಿಶ್ರ ಕಲಿಕೆ, ಕಾಲೇಜಿನವರ ಬಾಯಲ್ಲಿ ‘ಬ್ಲೆಂಡೆಡ್ ಲರ್ನಿಂಗ್’, ಇಂಥವರಿಗೆಂದೇ ಹುಟ್ಟಿದ ಹಾಗಿದೆ. ಆದರೆ ಅದು ನಡೆಯುತ್ತಿರುವ ರೀತಿಯಲ್ಲಿ ಇವರಿಗೆ ಅರ್ಧವೂ ದಕ್ಕುತ್ತಿಲ್ಲ ಎಂಬುದು ನನ್ನ ತಕರಾರು.

ಕೋಲಾರಕ್ಕೆ ಸ್ಪ್ಯಾನಿಷ್ ಯಾಕಪ್ಪಾ ಎಂದು ಕೇಳುವವರಿದ್ದಾರೆ. ನರಸಾಪುರದಲ್ಲಿ 2013ರಿಂದ ಹೊಂಡಾ ಕಾರ್ಖಾನೆ ಓಡುತ್ತಿದೆ, ಜಪಾನಿ ಕಲಿಯಲಿ. ನರ್ಸಿಂಗ್ ಓದಿದವರು ಜರ್ಮನಿಗೆ ಹೋಗುತ್ತಿದ್ದಾರೆ, ಜರ್ಮನ್ ಕಲಿಯಲಿ ಎನ್ನುತ್ತಾರೆ. ನ್ಯಾಯವಾದ ಮಾತೇ. ಆದರೆ ಇಪ್ಪತ್ತು ದೇಶಗಳಲ್ಲಿ ಆಡಳಿತ ಭಾಷೆಯಾಗಿರುವ, ಹೆಚ್ಚುಕಡಿಮೆ 50 ಕೋಟಿ ಜನರ ಮನೆಮಾತಾಗಿರುವ ಭಾಷೆಯನ್ನು ಕಲಿಯಲು ಬೇರೆ ಸಮರ್ಥನೆ ಹುಡುಕಬೇಕಿಲ್ಲ. ಮೆಕ್ಸಿಕೊ, ಕೊಲಂಬಿಯಾದ ಗಿರಾಕಿಗಳ ಜೊತೆ ಅವರ ಭಾಷೆಯಲ್ಲೇ ಮಾತಾಡಬಲ್ಲವರಿಗೆ ಬೆಂಗಳೂರಿನ ಕಂಪನಿಗಳಲ್ಲಿ ಕೆಲಸವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳನ್ನು ಹೆಸರಿಸುವಾಗ ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್‌ಗಳ ಸಾಲಿನಲ್ಲಿ ಸ್ಪ್ಯಾನಿಷನ್ನೂ ಇಟ್ಟಿತ್ತು. ನೀತಿಯ ಬಗ್ಗೆ ನಮ್ಮ ರಾಜ್ಯದ ನಿಲುವು ಆಮೇಲೆ ಬದಲಾಯಿತು, ಹುಡುಗರ ಆಸೆ ಬದಲಾಗಲಿಲ್ಲ.

ಮಿಶ್ರ ಕಲಿಕೆಯ ಪರವಾಗಿ ಇರುವ ದೊಡ್ಡ ವಾದ ಗಂಟೆಗಳ ಲೆಕ್ಕ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದೆ. ಅದರ ಅಂದಾಜಿನಲ್ಲಿ ಇಂಗ್ಲಿಷ್ ಮಾತಿನವರಿಗೆ ಸ್ಪ್ಯಾನಿಷ್ ಅತಿ ಸುಲಭದ ಗುಂಪಿಗೆ ಸೇರಿದ ಭಾಷೆ. ಆದರೂ ಉದ್ಯೋಗಕ್ಕೆ ಸಾಕಾಗುವಷ್ಟು ಬರಲು 600ರಿಂದ 750 ತರಗತಿ ಗಂಟೆ ಬೇಕು. ಭಾನುವಾರಕ್ಕೆ ಎರಡು ಗಂಟೆಯಂತೆ ವರ್ಷಕ್ಕೆ 48 ವಾರ ತಪ್ಪದೆ ಹೋದರೂ ಕೈಗೆ ಬರುವುದು 96 ಗಂಟೆ. 600 ಗಂಟೆ ಮುಟ್ಟಲು ಆರು ವರ್ಷ ದಾಟುತ್ತದೆ. ಡಿಗ್ರಿ ಮುಗಿದು, ಮದುವೆಯಾಗಿ, ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಭಾಷೆ ಬಂದೀತು. ಉಳಿದ ಗಂಟೆಗಳನ್ನು ಮನೆಯಲ್ಲೇ, ಫೋನಿನಲ್ಲೇ ಹೊಂದಿಸಿಕೊಳ್ಳಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ.

ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಹತ್ತಾರು ಅಧ್ಯಯನಗಳನ್ನು ಕೂಡಿಸಿ ಹೊರತಂದ ವರದಿಯೊಂದು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಬರೀ ತರಗತಿಗಿಂತ ಮಿಶ್ರ ವಿಧಾನದಲ್ಲಿ ಕಲಿತವರ ಫಲಿತಾಂಶ ಮೇಲು ಎಂದು ಅದು ಹೇಳಿತು. ಇದನ್ನು ಉಲ್ಲೇಖಿಸುವವರು ಅದೇ ವರದಿಯ ಎಚ್ಚರಿಕೆಯನ್ನು ಮಾತ್ರ ಬಿಟ್ಟುಬಿಡುತ್ತಾರೆ: ಮಿಶ್ರ ವಿಧಾನದ ವಿದ್ಯಾರ್ಥಿಗಳಿಗೆ ಅನೇಕ ಕಡೆ ಹೆಚ್ಚಿನ ಸಮಯವೂ ಹೆಚ್ಚಿನ ಪಾಠಸಾಮಗ್ರಿಯೂ ಸಿಕ್ಕಿತ್ತು, ಆದ್ದರಿಂದ ಲಾಭವನ್ನು ಮಾಧ್ಯಮದ ಖಾತೆಗೇ ಜಮಾ ಮಾಡಬಾರದು. ನಮ್ಮಲ್ಲಿ ಯುಜಿಸಿ 2021ರ ಮೇ ತಿಂಗಳಲ್ಲಿ ಹೊರಡಿಸಿದ ಟಿಪ್ಪಣಿ ಶೇ 40ರವರೆಗೆ ಆನ್‌ಲೈನ್, ಉಳಿದ ಶೇ 60 ತರಗತಿಯಲ್ಲಿ ಎಂದು ಗೆರೆ ಎಳೆಯಿತು. ಗೆರೆ ಎಳೆಯುವುದು ಸುಲಭ. ಆ ನಲವತ್ತರಲ್ಲಿ ಏನು, ಅರವತ್ತರಲ್ಲಿ ಏನು ಎಂಬುದು ಭಾಷೆಯ ಪಾಠದಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ರಸಾಯನಶಾಸ್ತ್ರಕ್ಕೆ ಹೊಂದುವ ಹಂಚಿಕೆ ಇದಕ್ಕೆ ಹೊಂದಲಾರದು.

ನಾನು ಕಂಡ ಮಿಶ್ರ ತರಗತಿಗಳಲ್ಲಿ ಹಂಚಿಕೆ ಹೀಗಿರುತ್ತದೆ. ಮೇಷ್ಟರು ಎದುರಿಗಿರುವ ಎರಡು ಗಂಟೆ ವ್ಯಾಕರಣಕ್ಕೆ. ಬೋರ್ಡಿನ ಮೇಲೆ ಕ್ರಿಯಾಪದದ ಆರು ರೂಪ, ಪಕ್ಕದಲ್ಲಿ ಇಂಗ್ಲಿಷ್ ಅರ್ಥ, ಮೂವತ್ತು ಜನ ತಲೆ ಬಗ್ಗಿಸಿ ನೋಟ್ಸ್ ಬರೆದುಕೊಳ್ಳುತ್ತಾರೆ. ‘ಪ್ರಾಕ್ಟೀಸ್ ಮನೆಯಲ್ಲಿ, ಆ್ಯಪ್‌ನಲ್ಲಿ’ ಎಂಬ ಸೂಚನೆಯೊಂದಿಗೆ ತರಗತಿ ಮುಗಿಯುತ್ತದೆ. ಅಂದರೆ ಒಬ್ಬನೇ ಕೂತು ಓದಿಕೊಳ್ಳಬಹುದಾದ ಪಟ್ಟಿಗೆ ಮನುಷ್ಯನ ಸಮಯ, ಇನ್ನೊಬ್ಬ ಮನುಷ್ಯನಿಲ್ಲದೆ ಆಗದ ಮಾತುಕತೆಗೆ ಯಂತ್ರದ ಸಮಯ. ಇದು ತಲೆಕೆಳಗಾದ ವ್ಯವಸ್ಥೆ. ಇದಕ್ಕೆ ತದ್ವಿರುದ್ಧವಾಗಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2007ರ ಸುಮಾರಿಗೆ ಇಬ್ಬರು ರಸಾಯನಶಾಸ್ತ್ರ ಮೇಷ್ಟರು ಪಾಠವನ್ನು ವಿಡಿಯೊ ಮಾಡಿ ಮನೆಗೆ ಕಳಿಸಿ, ತರಗತಿಯನ್ನು ಅಭ್ಯಾಸಕ್ಕೆ ಇಟ್ಟುಕೊಂಡರು; ಅದು ‘ತಿರುಗಿಸಿದ ತರಗತಿ’ ಎಂದು ಹೆಸರಾಯಿತು. ಅವರ ಹೆಸರು ಮಾತ್ರ ನಮ್ಮ ಕಾರ್ಯಾಗಾರಗಳ ಸ್ಲೈಡುಗಳಲ್ಲಿ ತಪ್ಪದೆ ಇರುತ್ತದೆ.

ಪರದೆಯ ಪಾಲಿಗೆ ಸಿಗುವ ಸಾಮಗ್ರಿಗೆ ಈಗ ಬರವಿಲ್ಲ. 1991ರಲ್ಲಿ ಸ್ಥಾಪನೆಯಾದ ಸ್ಪೇನ್ ಸರ್ಕಾರದ ಇನ್‌ಸ್ಟಿಟ್ಯೂಟೊ ಸರ್ವಾಂತೆಸ್ 2009ರಿಂದ ದೆಹಲಿಯಲ್ಲಿದೆ, ಅದರ ಆನ್‌ಲೈನ್ ತರಗತಿ ವ್ಯವಸ್ಥೆ ಗಟ್ಟಿಯಾದದ್ದು. ಇಗ್ನೊದಲ್ಲಿ ಸ್ಪ್ಯಾನಿಷ್ ಸರ್ಟಿಫಿಕೇಟ್ ಕೋರ್ಸ್ ಇದೆ. 2017ರಲ್ಲಿ ಶುರುವಾದ ಸ್ವಯಂ ವೇದಿಕೆಯಲ್ಲಿ ಮದ್ರಾಸ್ ಐಐಟಿಯ ಜರ್ಮನ್, ಕಾನ್ಪುರ ಐಐಟಿಯ ಜಪಾನಿ ಪಾಠಗಳು ಬಂದಿವೆ. ಅವನ್ನು ನೋಡಿದರೆ ದೂರದ ಊರಿಗೆ ಭಾಷೆಯ ಪಾಠ ಹೇಗೆ ತಲುಪಬಹುದು ಎಂಬ ಅಂದಾಜು ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚು ಫೋನುಗಳಲ್ಲಿ ಇರುವುದು ಡ್ಯುಯೊಲಿಂಗೊ. 2012ರಲ್ಲಿ ಎಲ್ಲರಿಗೂ ತೆರೆದುಕೊಂಡ ಈ ಆ್ಯಪ್‌ನ ಸ್ಥಾಪಕರಲ್ಲಿ ಒಬ್ಬರಾದ ಲೂಯಿಸ್ ವಾನ್ ಆನ್ ಹುಟ್ಟಿದ್ದು ಗ್ವಾಟೆಮಾಲಾದಲ್ಲಿ, ಸ್ಪ್ಯಾನಿಷ್ ಅವರ ಊರಿನ ಮಾತು. ಪದ ನೆನಪಿಟ್ಟುಕೊಳ್ಳುವುದಕ್ಕೆ, ಕಿವಿ ಪಳಗಿಸುವುದಕ್ಕೆ ಅದು ಒಳ್ಳೆಯದೇ. ಆದರೆ ಸಾಲು ಮುರಿಯದಂತೆ ದಿನಾ ಐದು ನಿಮಿಷ ಒತ್ತಿ, ಇನ್ನೂರು ದಿನದ ಲೆಕ್ಕವನ್ನು ಸ್ಟೇಟಸ್‌ಗೆ ಹಾಕಿಕೊಂಡವನಿಗೆ ‘ನಿಮ್ಮ ಊರು ಯಾವುದು, ಮನೆಯಲ್ಲಿ ಯಾರ‍್ಯಾರಿದ್ದಾರೆ’ ಎಂದು ಸ್ಪ್ಯಾನಿಷಿನಲ್ಲಿ ಕೇಳಿ ನೋಡಿ. ಬಾಯಿ ತೆರೆಯುವ ಮೊದಲು ಅವನ ಬೆರಳು ಅಲುಗಾಡುತ್ತದೆ.

ಈ ಸಾಮಗ್ರಿಯ ಇನ್ನೊಂದು ಕೊರತೆ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ, ಅದರ ಬಗ್ಗೆ ಯಾರೂ ಮಾತಾಡಿದ್ದು ಕಾಣೆ. ನಮ್ಮ ಹುಡುಗರ ಕೈಗೆ ಸಿಗುವುದರಲ್ಲಿ ಬಹುಪಾಲು ಇಂಗ್ಲಿಷ್ ತಲೆಯಲ್ಲಿಟ್ಟುಕೊಂಡು ಮಾಡಿದ್ದು. ಇಂಗ್ಲಿಷಿನವನಿಗೆ ಏನು ಕಷ್ಟವೋ ಅದಕ್ಕೆ ಮೂರು ಪಾಠ, ಏನು ಸುಲಭವೋ ಅದಕ್ಕೆ ಅರ್ಧ ಪುಟ. ಕೋಲಾರದ ಹುಡುಗರ ಕಷ್ಟಸುಖ ಬೇರೆ.

‘ನನಗೆ ಮಾವಿನಹಣ್ಣು ಇಷ್ಟ’ ಎನ್ನುವುದನ್ನೇ ನೋಡಿ. ಸ್ಪ್ಯಾನಿಷಿನಲ್ಲಿ ‘ಮೆ ಗುಸ್ತಾ ಎಲ್ ಮಾಂಗೊ’. ಇಷ್ಟವಾಗುವುದು ಮಾವು, ಇಷ್ಟವಾಗುವುದು ನನಗೆ. ಇಂಗ್ಲಿಷಿನಲ್ಲಿ ಮಾತ್ರ ‘ನಾನು’ ಕರ್ತೃವಾಗಿ ಮುಂದೆ ಬಂದು ಕೂರುತ್ತೇನೆ. ಆದ್ದರಿಂದ ಇಂಗ್ಲಿಷ್ ಮೂಲಕ ಬರೆದ ಪುಸ್ತಕಗಳಲ್ಲಿ ಇದೊಂದು ವಿಚಿತ್ರ ಕ್ರಿಯಾಪದ, ‘ಹಿಂದುಮುಂದಾಗಿ ಯೋಚಿಸಿ’ ಎಂಬ ಎಚ್ಚರಿಕೆ, ಪುಟಗಟ್ಟಲೆ ಅಭ್ಯಾಸ. ಶ್ರೀನಿವಾಸಪುರದ ಮಂಡಿಯಲ್ಲಿ ತೆಲುಗಿನವನು ‘ನಾಕು ಇಷ್ಟಂ’ ಎನ್ನುತ್ತಾನೆ. ಮಾಲೂರಿನ ತಮಿಳು ಮನೆಯಲ್ಲಿ ‘ಎನಕ್ಕು ಪಿಡಿಕ್ಕುಂ’. ಕೋಲಾರ ಪೇಟೆಯ ಉರ್ದು ಮನೆಯಲ್ಲಿ ‘ಮೇರೆಕು ಪಸಂದ್’. ಜಿಲ್ಲೆಯ ನಾಲ್ಕೂ ಭಾಷೆ ಸ್ಪ್ಯಾನಿಷಿನ ಜೊತೆ ಒಂದು ಕಡೆ, ಇಂಗ್ಲಿಷ್ ಒಂದೇ ಇನ್ನೊಂದು ಕಡೆ. ಹೀಗಿದ್ದೂ ನಮ್ಮ ಹುಡುಗರನ್ನು ಮೊದಲು ಇಂಗ್ಲಿಷ್ ವಾಕ್ಯಕ್ಕೆ ಕರೆದೊಯ್ದು, ಅಲ್ಲಿಂದ ಹಿಂದುಮುಂದು ಮಾಡಿಸಿ, ಸ್ಪ್ಯಾನಿಷಿಗೆ ತಲುಪಿಸುತ್ತೇವೆ. ‘ತಲೆ ನೋಯುತ್ತಿದೆ’ ಎನ್ನಲು ‘ಮೆ ದುಯೆಲೆ ಲಾ ಕಬೇಸಾ’: ನನಗೆ ನೋಯುತ್ತದೆ ತಲೆ. ಇದನ್ನು ಕನ್ನಡದಲ್ಲಿ ಒಮ್ಮೆ ಹೇಳಿಬಿಟ್ಟರೆ ಐದು ನಿಮಿಷದ ಕೆಲಸ.

ಇನ್ನು ‘ಸೆರ್’ ಮತ್ತು ‘ಎಸ್ತಾರ್’. ಎರಡೂ ‘ಇರುವುದು’, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ, ಹಾಗಾಗಿ ಅವರಿಗೆ ವರ್ಷಗಟ್ಟಲೆ ಗೊಂದಲ. ‘ನಾನು ಮುಳಬಾಗಿಲಿನವಳು’ ಎನ್ನುವಾಗ ಕನ್ನಡದಲ್ಲಿ ಕ್ರಿಯಾಪದವೇ ಇಲ್ಲ. ಸ್ಪ್ಯಾನಿಷಿನಲ್ಲಿ ಅಲ್ಲಿ ಸೆರ್. ‘ಮುಳಬಾಗಿಲಲ್ಲಿದ್ದೇನೆ’ ಎನ್ನುವಾಗ ‘ಇರು’ ಬರುತ್ತದೆ, ಅಲ್ಲಿ ಎಸ್ತಾರ್. ‘ಅವಳು ಡಾಕ್ಟರು’ ಒಂದು ಬಗೆ, ‘ಅವಳು ಚೆನ್ನಾಗಿದ್ದಾಳೆ’ ಇನ್ನೊಂದು ಬಗೆ ಎಂಬ ಭೇದ ನಮ್ಮ ನಾಲಿಗೆಗೆ ಹುಟ್ಟಿನಿಂದ ಗೊತ್ತು. ಹೊಂದಿಕೆ ಪೂರ್ತಿಯಲ್ಲ. ‘ಅವನು ಎತ್ತರವಾಗಿದ್ದಾನೆ’ ಎಂದು ನಾವು ‘ಇರು’ ಹಚ್ಚುತ್ತೇವೆ, ಅವರಲ್ಲಿ ಎತ್ತರಕ್ಕೆ ಸೆರ್. ‘ಮದುವೆ ನಮ್ಮ ಮನೆಯಲ್ಲಿ’ ಎನ್ನುವಾಗ ಜಾಗದ ಮಾತಾದರೂ ಎಸ್ತಾರ್ ಬಾರದು, ಸಮಾರಂಭ ನಡೆಯುವ ಜಾಗಕ್ಕೆ ಸೆರ್. ಒಳ್ಳೆಯ ಮೇಷ್ಟರು ಮಾಡಬೇಕಾದ ಕೆಲಸ ಇದೇ: ಹೊಂದುವಲ್ಲಿ ಕನ್ನಡದ ಮೇಲೆ ನಡೆಸಿಕೊಂಡು ಹೋಗಿ, ಹೊಂದದ ಕಡೆ ನಿಲ್ಲಿಸಿ ತೋರಿಸುವುದು. ಇದನ್ನು ಆ್ಯಪ್ ಮಾಡಲಾರದು, ಅದಕ್ಕೆ ಎದುರಿಗಿರುವವಳ ಮನೆಮಾತು ಗೊತ್ತಿಲ್ಲ.

ಉಚ್ಚಾರದಲ್ಲೂ ಹೀಗೆಯೇ. ಅ, ಎ, ಇ, ಒ, ಉ ಎಂಬ ಐದು ಸ್ವಚ್ಛ ಸ್ವರ, ಹಲ್ಲಿಗೆ ತಾಗುವ ತ ಮತ್ತು ದ, ಉಸಿರು ಸೇರದ ಪ ಮತ್ತು ಕ, ‘ಎಸ್ಪಾಞೋಲ್’ನ ಞ ಎಲ್ಲವೂ ನಮ್ಮ ಬಾಯಲ್ಲಿ ಮೊದಲೇ ಇವೆ. ಬರೆದಂತೆ ಓದುವ ಭಾಷೆ, ನಮಗೆ ಪರಿಚಿತ ಶಿಸ್ತು. ‘ಬರುತ್ತೇನೆ’ ಎಂದರೆ ‘ನಾನು’ ಬೇಕಿಲ್ಲದ ಹಾಗೆ ‘ವೆಂಗೊ’ ಎಂದರೂ ಸಾಕು. ಗಂಟಲಿನಿಂದ ಬರುವ ‘ಖ಼’ ಧ್ವನಿ ಇಂಗ್ಲಿಷ್ ಓದಿದವರಿಗೆ ತೊಡಕು, ಕೋಲಾರದ ದಖನಿ ಉರ್ದು ಮಾತಾಡುವ ಹುಡುಗನಿಗೆ ನೀರು ಕುಡಿದಷ್ಟು ಸಲೀಸು. ಮೇಜು ಹೆಣ್ಣು, ಪುಸ್ತಕ ಗಂಡು ಎನ್ನುವ ಲಿಂಗದ ಕಾಟದಲ್ಲೂ ಅವನು ಮುಂದೆ. ಯಾವುದು ಗಂಡು ಯಾವುದು ಹೆಣ್ಣು ಎಂಬ ಉತ್ತರ ಎರಡು ಭಾಷೆಗಳಲ್ಲಿ ಬೇರೆಯಾದರೂ ವಸ್ತುಗಳಿಗೆ ಲಿಂಗ ಹಚ್ಚುವ ಅಭ್ಯಾಸ ಇರುತ್ತದೆ. ಕನ್ನಡದವಳಿಗೆ ಮನುಷ್ಯರನ್ನು ಬಿಟ್ಟರೆ ಉಳಿದದ್ದೆಲ್ಲ ನಪುಂಸಕ, ಅವಳಿಗೆ ಅಲ್ಲಿ ನಿಜವಾದ ಕಷ್ಟ.

ಅದಕ್ಕಿಂತ ದೊಡ್ಡ ಕಷ್ಟ ಒತ್ತಿನದು. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ‘ಆಬ್ಲೊ’ ಎಂದರೆ ‘ಮಾತಾಡುತ್ತೇನೆ’. ಕೊನೆಗೆ ಒತ್ತು ಕೊಟ್ಟು ‘ಅಬ್ಲೋ’ ಎಂದರೆ ‘ಅವನು ಮಾತಾಡಿದ’, ‘ಅವಳು ಮಾತಾಡಿದಳು’ ಎರಡೂ. ನಮ್ಮಲ್ಲಿ ಅರ್ಥ ಬದಲಿಸುವುದು ಹ್ರಸ್ವ ದೀರ್ಘ, ಒತ್ತು ಅಲ್ಲ. ಹಾಗಾಗಿ ನಮ್ಮವರು ಎಲ್ಲ ಅಕ್ಷರವನ್ನೂ ಸಮನಾಗಿ ಹಾಸಿಕೊಂಡು ಹೋಗುತ್ತಾರೆ, ನಿನ್ನೆಯ ಮಾತೂ ಇಂದಿನ ಮಾತೂ ಒಂದೇ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಒತ್ತು ಇರುವುದರಿಂದ ಇಂಗ್ಲಿಷಿನವರಿಗಾಗಿ ಬರೆದ ಪಾಠದಲ್ಲಿ ಇದಕ್ಕೆ ಹೆಚ್ಚು ಜಾಗವಿಲ್ಲ. ಫೋನಿನ ಧ್ವನಿ ಪರೀಕ್ಷೆಯೂ ಉದಾರಿ, ಹತ್ತಿರ ಹತ್ತಿರ ಇದ್ದರೆ ಹಸಿರು ಗುರುತು ಹಾಕಿ ಮುಂದಕ್ಕೆ ಬಿಡುತ್ತದೆ. ಇಲ್ಲಿ ಎದುರಿಗೊಬ್ಬರು ಕೂತು ‘ಇನ್ನೊಮ್ಮೆ ಹೇಳು’ ಎನ್ನಬೇಕು. ಮುಖಾಮುಖಿ ತರಗತಿಯ ಮೊದಲ ಹಕ್ಕು ಈ ಕೆಲಸಕ್ಕೆ ಸಲ್ಲಬೇಕು, ಕ್ರಿಯಾಪದದ ಪಟ್ಟಿಗಲ್ಲ.

ಆ ಪಟ್ಟಿ ಕೂಡ ನಮಗೆ ಭೂತವಲ್ಲ. ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾರೆ ಎಂದು ಆಳಿಗೊಂದು ರೂಪ ಹೇಳಿಕೊಂಡು ಬೆಳೆದವರು ನಾವು. ನೀನು, ನೀವು ಎಂಬ ಭೇದವೂ ಹೊಸದಲ್ಲ. ‘ತೂ’ ನೀನು, ‘ಉಸ್ತೆದ್’ ನೀವು. ಆದರೆ ಉಸ್ತೆದ್‌ಗೆ ಹಚ್ಚಬೇಕಾದ್ದು ‘ಅವನು, ಅವಳು’ ಎನ್ನುವವರ ಕ್ರಿಯಾರೂಪ ಎಂಬುದನ್ನು ಒಮ್ಮೆ ಹೇಳಿಕೊಡಬೇಕು. ಯಾರಿಗೆ ಯಾವುದು ಎಂಬುದು ಊರಿನಿಂದ ಊರಿಗೆ ಬೇರೆ. ಕೊಲಂಬಿಯಾದ ಬೊಗೊಟಾದಲ್ಲಿ ಮನೆಯವರಿಗೂ ಉಸ್ತೆದ್ ಎನ್ನುವವರಿದ್ದಾರೆ. ಕೋಲಾರದ ಹುಡುಗಿಯ ಕೆಲಸ ಮೆಕ್ಸಿಕೊದ ಗಿರಾಕಿಯ ಜೊತೆ ಎಂದಾದರೆ ಸ್ಪೇನಿನಲ್ಲಷ್ಟೇ ಬಳಸುವ ‘ವೊಸೊತ್ರೋಸ್’ ರೂಪವನ್ನು ಮೊದಲ ತಿಂಗಳಲ್ಲೇ ಬಾಯಿಪಾಠ ಮಾಡಿಸುವುದು ಯಾರಿಗೋ ಮಾಡಿದ ಅಡುಗೆಯನ್ನು ಯಾರಿಗೋ ಬಡಿಸಿದ ಹಾಗೆ.

ಇಂಗ್ಲಿಷ್ ಬೇಡವೆಂದಲ್ಲ. ನಿಘಂಟಿಗೆ ಅದು ಬೇಕು. ಆದರೆ ಏಣಿ ಅದೊಂದೇ ಆಗಬೇಕಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಹುಟ್ಟಿದ ತಾಲ್ಲೂಕು ಮಾಲೂರು. ಮನೆಯಲ್ಲಿ ತಮಿಳು, ಬರೆದದ್ದು ಕನ್ನಡ, ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್. ಒಂದು ಭಾಷೆಯ ಮೇಲೆ ಇನ್ನೊಂದನ್ನು ಹತ್ತಿಸಿಕೊಳ್ಳುವುದು ಈ ಸೀಮೆಯ ಜನಕ್ಕೆ ಹೊಸದಲ್ಲ. ಮುಳಬಾಗಿಲಿನ ಅಂಗಡಿಯ ಹುಡುಗ ಆಂಧ್ರದಿಂದ ಬಂದವನಿಗೆ ತೆಲುಗಿನಲ್ಲಿ, ತಮಿಳುನಾಡಿನ ಲಾರಿಯವನಿಗೆ ತಮಿಳಿನಲ್ಲಿ ದರ ಹೇಳುತ್ತಾನೆ. ಅವನಿಗೆ ಯಾರೂ ವ್ಯಾಕರಣ ಹೇಳಿಕೊಡಲಿಲ್ಲ, ಲಿಪಿಯೂ ಬಾರದಿರಬಹುದು. ಅದೇ ಹುಡುಗ ವಿದೇಶಿ ಭಾಷೆಯ ತರಗತಿಗೆ ಬಂದ ಕೂಡಲೇ ಮೂಕನಾಗುತ್ತಾನೆ. ದೋಷ ಅವನದಲ್ಲ.

ಮಿಶ್ರ ಕಲಿಕೆಯನ್ನು ನಮ್ಮದೇ ನೆಲದಲ್ಲಿ ಬುದ್ಧಿವಂತಿಕೆಯಿಂದ ಮಾಡಿದ ಉದಾಹರಣೆ ಬೇಕೆಂದರೆ ದೂರ ಹೋಗಬೇಕಿಲ್ಲ. 2020ರ ಆಗಸ್ಟಿನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ರಾಜ್ಯ ಸರ್ಕಾರ ವಿದ್ಯಾಗಮ ಎಂಬ ಕಾರ್ಯಕ್ರಮ ಶುರು ಮಾಡಿತು. ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನಿರುವವರು, ಇಂಟರ್ನೆಟ್ ಇರುವವರು ಎಂದು ಮಕ್ಕಳನ್ನು ಮೊದಲು ವಿಂಗಡಿಸಿದರು. ಚಂದನದಲ್ಲಿ ಪಾಠ ಬರುತ್ತಿತ್ತು, ಮೇಷ್ಟರು ಊರಿಗೇ ಬಂದು ಗುಡಿಯ ಅಂಗಳದಲ್ಲೋ ಅರಳಿಕಟ್ಟೆಯಲ್ಲೋ ಸಣ್ಣ ಗುಂಪು ಕೂರಿಸಿಕೊಳ್ಳುತ್ತಿದ್ದರು. ವಠಾರ ಶಾಲೆ ಎಂದು ಜನ ಕರೆದರು. ಸೋಂಕಿನ ಸುದ್ದಿ ಬಂದು, ಟೀಕೆ ಎದ್ದು, ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಆ ಟೀಕೆ ಸರಿಯಾದದ್ದೇ. ಆದರೆ ವಿನ್ಯಾಸದಲ್ಲಿ ಒಂದು ವಿವೇಕವಿತ್ತು: ಯಾರ ಕೈಯಲ್ಲಿ ಏನಿದೆ ಎಂದು ಮೊದಲು ನೋಡುವುದು, ಪರದೆ ತಲುಪದ ಕಡೆಗೆ ಮನುಷ್ಯನನ್ನು ಕಳಿಸುವುದು. ವಿದೇಶಿ ಭಾಷೆಯ ಇಂದಿನ ಮಿಶ್ರ ಕೋರ್ಸುಗಳು ಈ ಮೊದಲ ಪ್ರಶ್ನೆಯನ್ನೇ ಕೇಳುವುದಿಲ್ಲ. ಪ್ರತಿಯೊಬ್ಬರಿಗೂ ಸ್ವಂತ ಫೋನು, ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಮಾತಾಡಲು ಒಂದು ಕೋಣೆ ಇದೆ ಎಂದುಕೊಂಡು ಹೊರಡುತ್ತವೆ. ಅಣ್ಣನ ಫೋನನ್ನು ರಾತ್ರಿ ಎಂಟರ ಮೇಲೆ ಅರ್ಧ ಗಂಟೆ ಪಡೆಯುವ ಹುಡುಗಿ, ಅಜ್ಜಿ ಮಲಗಿದ ಹಜಾರದಲ್ಲಿ ಕೂತು ‘ಪೆರ್ರೋ, ಪೆರ್ರೋ’ ಎಂದು ರಕಾರ ಉರುಳಿಸಲು ಸಾಧ್ಯವೇ?

ಇಂಥವಳಿಗೆ ಬೇಕಾದ ಜಾಗ ಮನೆಯ ಹೊರಗಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರೂ ಬಂದಿದೆ. ಕೋಲಾರದ ಟಮಕದಲ್ಲಿ 2017ರಲ್ಲಿ ಹುಟ್ಟಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ. ನಾಲ್ಕು ತಾಲ್ಲೂಕಿನ ನಾಲ್ಕು ಕೇಂದ್ರಗಳಲ್ಲಿ ವಾರಕ್ಕೆರಡು ಸಂಜೆ ಐದೈದು ಜನ ಸೇರಿದರೆ ಸಾಕು. ನಮಗೆ ರಾತ್ರಿ ಎಂಟಾದಾಗ ಬೊಗೊಟಾದಲ್ಲಿ ಬೆಳಿಗ್ಗೆ ಒಂಬತ್ತೂವರೆ, ಅಲ್ಲಿನ ಕಾಲೇಜು ತೆರೆದಿರುವ ಹೊತ್ತು; ಪರದೆಯ ಅತ್ಯುತ್ತಮ ಬಳಕೆ ಅಂಥ ಕಡೆಯ ಇನ್ನೊಬ್ಬ ವಿದ್ಯಾರ್ಥಿಯ ಮುಖ ಕಾಣಿಸುವುದು. ಮೇಷ್ಟರು ಬೆಂಗಳೂರಿನಿಂದ ಪ್ರತಿವಾರ ಬರಬೇಕಿಲ್ಲ, ಹದಿನೈದು ದಿನಕ್ಕೊಮ್ಮೆ ಬಂದು ಒತ್ತು ತಿದ್ದಿ ಹೋದರೂ ಆಗುತ್ತದೆ.

ಇವೆಲ್ಲ ಆಗದಿರುವುದಕ್ಕೆ ಹಣದ ಕೊರತೆಗಿಂತ ಅಂಕದ ಪದ್ಧತಿ ಹೆಚ್ಚು ಕಾರಣ ಎಂದು ನನ್ನ ಗುಮಾನಿ. ಸ್ಪೇನಿನ ಡೆಲೆ ಪರೀಕ್ಷೆಯ ಮೊದಲ ಹಂತವಾದ ಎ1ರಲ್ಲಿ ಓದು ಮತ್ತು ಬರಹಕ್ಕೆ 50 ಅಂಕ, ಕೇಳುವಿಕೆ ಮತ್ತು ಮಾತಿಗೆ 50. ಎರಡು ಗುಂಪಿನಲ್ಲೂ ಬೇರೆ ಬೇರೆಯಾಗಿ 30 ಬರಲೇಬೇಕು, ಓದು ಬರಹದ ಗುಂಪಿನಲ್ಲಿ 50ಕ್ಕೆ 50 ಬಂದರೂ ಮಾತಿನ ಗುಂಪಿನಲ್ಲಿ 29 ಬಂದವಳು ನಪಾಸು. ನಮ್ಮ ಮಿಶ್ರ ಕೋರ್ಸುಗಳ ಆಂತರಿಕ ಅಂಕ ಹೋಗುವುದು ಹಾಜರಿಗೆ, ನೋಡಿ ಮುಗಿಸಿದ ವಿಡಿಯೊಗೆ, ಸರಿ ಉತ್ತರಕ್ಕೆ ಟಿಕ್ ಹಾಕುವ ಕ್ವಿಜ್‌ಗೆ. ಇದನ್ನು ಬಿಟ್ಟು ತಿಂಗಳಿಗೊಮ್ಮೆ ಪ್ರತಿಯೊಬ್ಬರನ್ನೂ ಎಂಟು ನಿಮಿಷ ಎದುರು ಕೂರಿಸಿಕೊಂಡು ಮಾತಾಡಿಸಿ ಅಂಕ ಕೊಡಲಿ. ಮೂವತ್ತು ಜನಕ್ಕೆ ನಾಲ್ಕು ಗಂಟೆ ಆಗುತ್ತದೆ. ಅಷ್ಟು ಹೊತ್ತು ಎಲ್ಲಿಂದ ತರುವುದು ಎಂದು ಕೇಳಿದರೆ, ಬೋರ್ಡಿನ ಮೇಲಿನ ಕ್ರಿಯಾಪದದ ಪಟ್ಟಿಯನ್ನು ಫೋನಿಗೆ ಕಳಿಸಿಬಿಟ್ಟರೆ ತಿಂಗಳಿಗೆ ಅದಕ್ಕಿಂತ ಹೆಚ್ಚೇ ಉಳಿಯುತ್ತದೆ.